ಏಳನೇ ನಂಬರ್ ಔಷಧಿ

ಹೋದ ತಿಂಗಳು ಅರಸೀಕೆರೆಗೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿದೆ ಅಂತ ಅಂಗಡಿ ಸಾಲಿನಲ್ಲಿ ಅಡ್ಡಾಡುತ್ತಿದ್ದಾಗ ಗಪ್ಪನೆ ಆ ವಾಸನೆ ಮೂಗಿಗೆ ಹೊಡೆಯಿತು. ಔಷಧಿ ಅಂಗಡಿಯದು. ಔಷಧಿ ಅಂದರೆ ಜ್ವರ-ಕೆಮ್ಮಿನದಲ್ಲ, ಹೊಲಕ್ಕೆ ಹೊಡೆಯುವ ವಿಷಕ್ಕೂ ನಮ್ಮ ಕಡೆ ಔಷಧಿ ಅಂತಲೇ ಮರ್ಯಾದೆಯ ಹೆಸರು. ಗಂಧಕದ ಪುಡಿ, ಕೊಳೆತ ಬೆಳ್ಳುಳ್ಳಿಯಂಥ ಘಾಟು, ಅದೆಲ್ಲವನ್ನೂ ಮುಚ್ಚಿಹಾಕಲು ಹಚ್ಚಿಟ್ಟ ಎರಡು ಊದಿನಕಡ್ಡಿ.

ಅಂಗಡಿಯ ಕಟ್ಟೆಯ ಮೇಲೆ ಒಬ್ಬ ರೈತ ಬಾಟಲಿಯ ಮೇಲಿನ ಚೌಕದ ಗುರುತಿಗೆ ಫೋನ್ ಹಿಡಿದುಕೊಂಡು ಕೂತಿದ್ದ. ಫೋನಿನೊಳಗಿನ ಹೆಣ್ಣುದನಿ ಕನ್ನಡದಲ್ಲಿ ಎಲ್ಲವನ್ನೂ ಒದರುತ್ತಿತ್ತು. ಒಳಗಿರುವ ರಾಸಾಯನಿಕ ಯಾವುದು, ಯಾವ ಗುಂಪಿನದು, ಮೈಮೇಲೆ ಬಿದ್ದರೆ ಏನಾಗುತ್ತದೆ, ಬಾಯಿಗೆ ಹೋದರೆ ಡಾಕ್ಟರಿಗೆ ಏನು ಹೇಳಬೇಕು. ಆ ಮನುಷ್ಯ ಅರ್ಧ ಕೂಡ ಕೇಳಲಿಲ್ಲ. ಗೊತ್ತೈತಿ ಬಿಡು ಅಂತ ಅದರ ಬಾಯಿ ಮುಚ್ಚಿಸಿ, ಯಾವಳೋ ಕುಣಿಯುವ ವಿಡಿಯೋ ಹಚ್ಚಿಕೊಂಡ. ಥೂ ಇವನ, ಅಂದುಕೊಂಡೆ. ಆಗ ಮಾವ ನೆನಪಾದ. ಹೀಗೆ ಬೀದಿಬದಿಯಲ್ಲಿ ಫೋನು ಔಷಧಿಯ ಹೆಸರು ಸಾರುವುದನ್ನು ನೋಡಿದ್ದರೆ ಅವನು ಎದೆ ಒಡೆದು ಸಾಯುತ್ತಿದ್ದ. ಸತ್ತಿದ್ದಾನೆ, ಅದು ಬೇರೆ ಮಾತು.

ಮಾವ ಅಂದರೆ ನಮ್ಮವ್ವನ ತಮ್ಮ. ಕೊಟ್ಟೂರಿನಲ್ಲಿ ಅವನದೊಂದು ಔಷಧಿ ಅಂಗಡಿ ಇತ್ತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ-ಅಡಿಕೆ, ಮೈತುಂಬ ಜಿಪುಣತನ. ಓದಿದ್ದು ನಾಲ್ಕನೇ ಕ್ಲಾಸು. ವಿಷದ ಡಬ್ಬಿಗಳ ನಡುವೆಯೇ ಪೇಪರ್ ಹಾಸಿಕೊಂಡು ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದ, ತಿಂದು ತೇಗುತ್ತಿದ್ದ. ಹುಳುವಿಗೆ ಹೊಡೆಯುವ ಔಷಧಿ ಯಾವುದು, ರೋಗಕ್ಕೆ ಹೊಡೆಯುವುದು ಯಾವುದು ಅನ್ನುವುದು ಬಿಟ್ಟರೆ ಅದರೊಳಗೆ ಏನಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಹೆಸರಿಗೆ ಎಷ್ಟು ಬೆಲೆ ಇದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆ ಕಾಲಕ್ಕೆ ರೈತರು ಔಷಧಿಯನ್ನು ಕೇಳುತ್ತಿದ್ದದ್ದು ಮುಚ್ಚಳದ ಬಣ್ಣದ ಮೇಲೆ. ಕೆಂಪು ಮುಚ್ಚಳದ್ದು ಕೊಡ್ರಿ ಸಾವ್ಕಾರ್ರ, ಹಸಿರು ಮುಚ್ಚಳದ್ದು ಐತೇನ್ರಿ, ಹೀಗೆ. ಕಂಪನಿಯವರು ಮರುವರ್ಷ ಮುಚ್ಚಳ ಬದಲಿಸಿದರೆ ಊರಿಗೆ ಊರೇ ಕಂಗಾಲು. ಹೆಸರೆಲ್ಲ ಇಂಗ್ಲಿಷಿನಲ್ಲಿ. ಡಬ್ಬಿಯೊಳಗೆ ಒಂದು ಚೀಟಿ ಮಡಚಿಟ್ಟಿರುತ್ತಿದ್ದರು, ಹತ್ತಾರು ಭಾಷೆಯದು, ಅದರಲ್ಲಿ ಕನ್ನಡ ಎಲ್ಲೋ ಒಂದು ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ. ವಿಷ ಏರಿದರೆ ಏನು ಮಾಡಬೇಕು ಅನ್ನುವುದು ಅದರಲ್ಲಿರುತ್ತಿತ್ತು. ಮಾವ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಅಂದರೆ, ಹೊಸ ಡಬ್ಬಿಗಳಿಂದ ಆ ಚೀಟಿಗಳನ್ನೆಲ್ಲ ಕಿತ್ತು ಒಂದು ಮೊಳೆಗೆ ಚುಚ್ಚಿಡುವುದು. ಮಿರ್ಚಿ ತಿಂದ ಮೇಲೆ ಅದರಲ್ಲೇ ಕೈ ಒರೆಸಿಕೊಳ್ಳುತ್ತಿದ್ದ. ಒಂದು ಜೀವ ಉಳಿಸಬಹುದಾದ ಕಾಗದದಲ್ಲಿ ಎಣ್ಣೆ ಕೈ ಒರೆಸುವ ಮನುಷ್ಯನನ್ನು ಏನಂತ ಕರೆಯುತ್ತೀರಿ? ಯಾಕೆ ಮಾವ ಅಂತ ಒಮ್ಮೆ ಕೇಳಿದ್ದಕ್ಕೆ, ಓದಿದರೆ ಹೆದರುತ್ತಾರೆ, ಹೆದರಿದರೆ ಕೊಳ್ಳುವುದಿಲ್ಲ ಅಂದಿದ್ದ.

ಇನ್ನು ನಂಬರಿನ ಕಥೆ. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ನಾನು ಎರಡು ವರ್ಷ ಆ ಅಂಗಡಿಯಲ್ಲಿ ಕೂತಿದ್ದೆ. ಸಣ್ಣ ಹಿಡುವಳಿಯವರು ದೊಡ್ಡ ಡಬ್ಬಿ ಕೊಳ್ಳುತ್ತಿರಲಿಲ್ಲ, ನಾಲ್ಕು ಟ್ಯಾಂಕಿಗೆ ಆಗುವಷ್ಟು ಕೊಡ್ರಿ ಅನ್ನುತ್ತಿದ್ದರು. ಮಾವ ದೊಡ್ಡ ಕ್ಯಾನಿನಿಂದ ಖಾಲಿ ಬ್ರಾಂದಿ ಬಾಟಲಿಗಳಿಗೆ ಸುರಿದು ಕೊಡುತ್ತಿದ್ದ. ಹಾಗೆ ಬಿಡಿಯಾಗಿ ಮಾರುವುದು ಕಾನೂನಿಗೆ ವಿರುದ್ಧ, ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು. ಅವನ ತಲೆನೋವು ಬೇರೆ ಇತ್ತು. ಯಾರಾದರೂ ನಾಲ್ಕಕ್ಷರ ಬಲ್ಲವನು ಕ್ಯಾನಿನ ಮೇಲಿನ ಹೆಸರು ಓದಿಕೊಂಡು ಎದುರಿನ ಅಂಗಡಿಗೆ ಹೋಗಿಬಿಡುತ್ತಿದ್ದ. ಅದಕ್ಕೊಂದು ಉಪಾಯ ಬಂತು. ಕ್ಯಾನುಗಳನ್ನು ಒಳಗಿನ ಕೋಣೆಗೆ ಸಾಗಿಸಿ, ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟು, ಬಾಟಲಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಬರೀ ಆ ನಂಬರನ್ನೇ ಬರೆಯುವುದು. ಮೂರು, ಏಳು, ಹನ್ನೊಂದು. ಇನ್ನು ಎದುರಿನ ಅಂಗಡಿಯಲ್ಲಿ ಹೋಗಿ ಏಳನೇ ನಂಬರ್ ಕೊಡ್ರಿ ಅಂದರೆ ಅವನೇನು ಕೊಡುತ್ತಾನೆ, ಮಣ್ಣು?

ಈ ಉಪಾಯ ಯಾರದು ಅಂತ ಕೇಳಬೇಡಿ... ಕೇಳಿದರೆ ಹೇಳಲೇಬೇಕಲ್ಲ. ನನ್ನದು. ಪಟ್ಟಿ ಬರೆದವನು ನಾನು, ಗುಂಡಗಿನ ಅಕ್ಷರದಲ್ಲಿ, ಕಾಲೇಜಿನಲ್ಲಿ ಧಾತುಗಳ ಪಟ್ಟಿ ಬರೆದ ಶಿಸ್ತಿನಲ್ಲಿ. ಮಾವ ಅವತ್ತು ನನ್ನ ಬೆನ್ನು ತಟ್ಟಿ, ನೀ ಓದಿದ್ದಕ್ಕ ಸಾರ್ಥಕ ಆತು ಬಿಎಸ್ಸಿ ಅಂದ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಬಿಎಸ್ಸಿ ಅಂತಲೇ ಕರೆಯುತ್ತಿದ್ದ. ಮೂರು ವರ್ಷ ರಸಾಯನಶಾಸ್ತ್ರ ಓದಿ ನಾನು ಈ ನೆಲಕ್ಕೆ ಕೊಟ್ಟ ಕೊಡುಗೆ ಇದೊಂದೇ.

ಆಮೇಲೆ ನನಗೆ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿತು. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ತಂಗಿಯನ್ನು ತಂಬ್ರಹಳ್ಳಿಗೆ ಕೊಟ್ಟಿತ್ತು, ಅವಳ ಗಂಡ ದಾಳಿಂಬೆ ಹಾಕಿದ್ದ. ಔಷಧಿ ಬೇಕಾದರೆ ಅವನು ಹಗರಿಬೊಮ್ಮನಹಳ್ಳಿಯ ಅಷ್ಟೂ ಅಂಗಡಿ ದಾಟಿ ಕೊಟ್ಟೂರಿಗೇ ಹೋಗುತ್ತಿದ್ದ. ಹೆಂಡತಿಯ ಸೋದರಮಾವನ ಅಂಗಡಿ ಇರುವಾಗ ಬೇರೆಯವರಲ್ಲಿ ಕೊಂಡರೆ ಬೀಗರಲ್ಲಿ ಮುಖ ತೋರಿಸುವುದು ಹೇಗೆ? ನಮ್ಮವರಿಗೆ ವಿಷ ಕೊಳ್ಳುವುದರಲ್ಲೂ ಸಂಬಂಧ ಬೇಕು.

ಅಷ್ಟರಲ್ಲಿ ಕೈಗೆ ದೊಡ್ಡ ಪರದೆಯ ಫೋನ್ ಬಂತು. ನನಗಂತೂ ಹುಚ್ಚೇ ಹಿಡಿಯಿತು ಅನ್ನಿ. ಕಾಲೇಜಿನಲ್ಲಿ ಒಂದು ರಾಸಾಯನಿಕದ ಗುಣ ತಿಳಿಯಬೇಕಾದರೆ ಪುಸ್ತಕದ ಬೀರುವಿನ ಬೀಗದ ಕೈ ಇಟ್ಟುಕೊಂಡವನ ಮುಂದೆ ಹಲ್ಲು ಗಿಂಜಬೇಕಿತ್ತು. ಈಗ ಹೆಸರು ಹೊಡೆದರೆ ಸಾಕು, ಅದರ ಜಾತಕವೇ ಬಿಚ್ಚಿಕೊಳ್ಳುತ್ತಿತ್ತು. ಒಂದು ಸಲ ಕೊಟ್ಟೂರಿಗೆ ಹೋದಾಗ ಬೇಕಂತಲೇ ಮಾವನ ಮುಂದೆ ಹಿಡಿದೆ. ನೋಡು, ನೀನು ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದೆಲ್ಲ ಇದರಲ್ಲಿ ಬಿಟ್ಟಿಯಾಗಿ ಬಿದ್ದಿದೆ, ಇನ್ನು ನಿನ್ನ ಅಂಗಡಿಗೆ ಬಾಗಿಲೇ ಅಂದೆ. ಅವನು ಎಲೆ-ಅಡಿಕೆ ಒಂದು ಕಡೆ ಸರಿಸಿ, "ಅದರಾಗ ನನ್ನ ಏಳನೇ ನಂಬರ್ ಐತೇನಲೇ?" ಅಂದು ಹೊಟ್ಟೆ ಅಲುಗುವ ಹಾಗೆ ನಕ್ಕ. ಅಜ್ಞಾನಿಯ ನಗು ಅಂತ ನಾನು ಮೂಗು ಮುರಿದು ಬಂದೆ.

ಅದಾಗಿ ಒಂದು ವರ್ಷವೂ ಆಗಿರಲಿಲ್ಲ. ತಂಗಿಯ ಗಂಡ ಬೆಳಿಗ್ಗೆ ಬಿಸಿಲೇರುವ ಮುಂಚೆ ದಾಳಿಂಬೆಗೆ ಔಷಧಿ ಹೊಡೆಯಲು ಹೋಗಿದ್ದಾನೆ. ಮೂಗಿಗೆ ಬಟ್ಟೆ ಇಲ್ಲ, ಮೈಮೇಲೆ ಬನಿಯನ್ ಒಂದೇ. ನಡುವೆ ಪಂಪಿನ ನಾಜಲ್ ಕಟ್ಟಿಕೊಂಡಿದೆ. ನಮ್ಮ ಕಡೆಯವರು ನಾಜಲ್ ಕಟ್ಟಿದರೆ ಏನು ಮಾಡುತ್ತಾರೆ? ಬಿಚ್ಚಿ ಬಾಯಿಗಿಟ್ಟು ಊದುತ್ತಾರೆ. ಅವನೂ ಊದಿದ. ಒಮ್ಮೆಯಲ್ಲ, ನಾಲ್ಕೈದು ಸಲ. ಮನೆಗೆ ಬಂದವನು ತಲೆ ತಿರುಗುತ್ತದೆ ಅಂದ, ವಾಂತಿ ಮಾಡಿಕೊಂಡ, ಮೈಯೆಲ್ಲ ಬೆವರು ಕಿತ್ತುಕೊಂಡು ಬಂತು. ಯಾರದೋ ಗಾಡಿಯಲ್ಲಿ ಹಗರಿಬೊಮ್ಮನಹಳ್ಳಿಗೆ ತಂದು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ನಾನು ಕ್ಲಾಸು ಬಿಟ್ಟು ಓಡಿದೆ.

ಹೊಸದಾಗಿ ಬಂದಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದಳು. ಮೈ ತೊಳೆಸಿ, ಸಲೈನ್ ಹಚ್ಚಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಯಾವ ಔಷಧಿ ಅಂತ ಕೇಳಿದಳು. ತಂಗಿ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದ ಬಾಟಲಿ ಕೊಟ್ಟಳು. ಅದರ ಮೇಲಿದ್ದದ್ದು ಒಂದು ಬಿಳಿ ಪಟ್ಟಿ, ಒಂದು ಏಳು. ಡಾಕ್ಟರಮ್ಮ ಅದನ್ನು ತಿರುವಿ ಮುರುವಿ ನೋಡಿದಳು. ಕಣ್ಣಿನ ಪಾಪೆ ಸಣ್ಣಗಾಗುತ್ತಿರುವ ಹಾಗಿದೆ, ರಂಜಕದ ಗುಂಪಿನ ವಿಷ ಇರಬಹುದು, ಅದಕ್ಕೆ ಇಂಜೆಕ್ಷನ್ ಇದೆ, ಆದರೆ ಅದು ಬಿರುಸಿನದು, ಖಾತ್ರಿಯಾಗಿ ಹೆಸರು ಗೊತ್ತಾದರೆ ಚೆನ್ನಾಗಿತ್ತು ಅಂದಳು.

ಹೆಸರು ನನಗೆ ಗೊತ್ತಿತ್ತು. ಪಟ್ಟಿ ಬರೆದವನೇ ನಾನಲ್ಲವೇ? ಏಳು ಅಂದರೆ ಕ್ಲೋರಿನ್ ಗುಂಪಿನ ಒಂದು ಹಳೇ ಔಷಧಿ. ಎದೆ ಸೆಟೆಸಿಕೊಂಡು ಹೇಳಿದೆ. ಅಷ್ಟಕ್ಕೇ ಬಿಡದೆ ಫೋನ್ ತೆಗೆದು ಪುಟ ತೆರೆದು ಅವಳ ಮುಖಕ್ಕೆ ಹಿಡಿದೆ. ಇದಕ್ಕೆ ಪ್ರತಿವಿಷ ಅಂತ ಏನೂ ಇಲ್ಲ, ಫಿಟ್ಸ್ ಬಾರದಂತೆ ನೋಡಿಕೊಳ್ಳಬೇಕು ಅಷ್ಟೇ, ನೋಡಿ ಅಂತ ಓದಿ ತೋರಿಸಿದೆ. ಅವಳು ಹಿಂದೆಮುಂದೆ ನೋಡಿದಳು. ಲಕ್ಷಣ ಹೊಂದುತ್ತಿಲ್ಲವಲ್ಲ ಸರ್ ಅಂದಳು. "ಮೇಡಂ, ನಾನು ಕೆಮಿಸ್ಟ್ರಿ ಓದಿದವನು" ಅಂದೆ. ಅವಳು ಕಾದು ನೋಡೋಣ ಅಂದಳು. ಒಳಗೆ ಗಂಡನ ಪಕ್ಕ ಕೂತಿದ್ದ ತಂಗಿಗೆ ಕಂಡದ್ದು, ಅಣ್ಣ ಫೋನ್ ಹಿಡಿದು ಡಾಕ್ಟರಿಗೆ ಏನೋ ತಿಳಿಸಿಕೊಡುತ್ತಿದ್ದಾನೆ ಅನ್ನುವುದಷ್ಟೇ.

ಮಾವನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಾಲ್ಕನೇ ಕ್ಲಾಸಿನವನನ್ನು ಕೇಳಿ ತಿಳಿದುಕೊಳ್ಳುವ ಗತಿ ನನಗೇನು ಬಂದಿತ್ತು! ಎರಡೂವರೆ ತಾಸು ಹಾಗೇ ಕೂತಿದ್ದೆವು. ಅವನ ಬಾಯಿಂದ ಜೊಲ್ಲು ಸುರಿಯತೊಡಗಿತು, ಉಸಿರಿನಲ್ಲಿ ಗುರಗುರ ಶುರುವಾಯಿತು. ನಾನು ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಇನ್ನೂ ಮೂರು ಪುಟ ಓದಿದೆ.

ಮಾವನಿಗೆ ತಿಳಿಸಿದ್ದು ತಂಗಿ, ನನ್ನನ್ನು ಕೇಳದೆ. ಕೊಟ್ಟೂರಿನಿಂದ ಒಂದು ಆಟೋ ಮಾಡಿಕೊಂಡು ಬಂದ. ಹತ್ತು ರೂಪಾಯಿಗೆ ಹತ್ತು ಸಲ ಯೋಚಿಸುವ ಮನುಷ್ಯ ಅಷ್ಟು ದೂರಕ್ಕೆ ಆಟೋ ಮಾಡಿದ್ದ. ಬಗಲಲ್ಲಿ ದೊಡ್ಡ ಕ್ಯಾನು, ಒಳಗಿನ ಕೋಣೆಯದು, ಯಾರ ಕಣ್ಣಿಗೂ ಬೀಳಬಾರದು ಅಂತ ನಾವೇ ಬಚ್ಚಿಟ್ಟದ್ದು. ಅದನ್ನು ತಂದು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದ. "ಅಮ್ಮಾರ, ಏಳನೇ ನಂಬರ್ ಅಂದ್ರ ಈಗ ಇದ್ರಿ. ಮೊದಲಿಂದು ಸರ್ಕಾರದವ್ರು ಬಂದ್ ಮಾಡಿದ್ರು. ನಂಬರ್ ಖಾಲಿ ಬಿದ್ದಿತ್ತು, ಇದಕ್ಕ ಕೊಟ್ಟೆ" ಅಂದ. ಡಾಕ್ಟರಮ್ಮ ಲೇಬಲ್ ಓದಿ ಒಳಗೆ ಓಡಿದಳು. ರಂಜಕದ ಗುಂಪಿನದೇ. ಅವಳು ಮೊದಲೇ ಅಂದಿದ್ದದ್ದು.

ನನ್ನ ಫೋನಿನಲ್ಲಿ ಹಳೆಯ ಔಷಧಿಯ ಪುಟ ಇನ್ನೂ ತೆರೆದೇ ಇತ್ತು. ಅದರ ಮೂರನೇ ಸಾಲಿನಲ್ಲಿ, ಈ ಔಷಧಿಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ ಅಂತ ಬರೆದಿತ್ತು. ನಾನು ಅಲ್ಲಿಂದಲೇ ಹಾದು ಹೋಗಿದ್ದೆ, ಓದಿರಲಿಲ್ಲ. ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲದ ಔಷಧಿಯ ಹೆಸರನ್ನು, ಮೇಷ್ಟರಾದ ನಾನು, ಡಾಕ್ಟರಿಗೆ ಪಾಠ ಹೇಳಿದ ಹಾಗೆ ಹೇಳಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯುತ್ತೇನೆ. ಕಾರಿಡಾರಿನಲ್ಲಿ, ತಂಗಿಯ ಮುಂದೆ, ಬೀಗರ ಮುಂದೆ, ಮಾವನ ಮೈಮೇಲೆ ಬಿದ್ದೆ. ನಿನ್ನ ದುಡ್ಡಿನಾಸೆಗೆ ಇವನ ಜೀವ ತೆಗೆಯುತ್ತಿದ್ದೆಯಲ್ಲೋ, ಬಾಟಲಿಗೆ ಹೆಸರು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಕೂಗಾಡಿದೆ. ಆಡಿದ ಮಾತೇನೂ ಸುಳ್ಳಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಅವನ ಹೆಗಲು ತೋರಿಸಿದೆ. ಮಾವ ಕ್ಯಾನಿನ ಮುಚ್ಚಳ ಸರಿಯಾಗಿ ಬಿಗಿದು, ಮೂಲೆಯ ಬೆಂಚಿನ ಮೇಲೆ ಹೋಗಿ ಕೂತ. ಪಟ್ಟಿ ಬರೆದದ್ದು ಯಾರು ಅಂತ ಅವನು ಬಾಯಿ ಬಿಡಲಿಲ್ಲ.

ತಂಗಿಯ ಗಂಡ ಉಳಿದ. ಮೂರು ವಾರ ಕಳೆದ ಮೇಲೆ ಅವನ ಪಾದಗಳು ಶಕ್ತಿ ಕಳೆದುಕೊಂಡವು. ಈಗಲೂ ನಡೆಯುತ್ತಾನೆ, ಮೊಣಕಾಲು ಎತ್ತಿ ಎತ್ತಿ ಪಾದ ಬಿಸಾಡಿದ ಹಾಗೆ. ದಾಳಿಂಬೆಯ ಕೆಲಸವೆಲ್ಲ ತಂಗಿಯ ಮೈಮೇಲೆ ಬಿತ್ತು. ಇತ್ತ ಆಸ್ಪತ್ರೆಯಲ್ಲಿ ಕ್ಯಾನು ತೋರಿಸಿದ ಮೇಲೆ ಬಿಡಿ ಮಾರಾಟದ ವಿಷಯ ಮುಚ್ಚಿಡುವುದೇನು ಬಂತು? ತಪಾಸಣೆಗೆ ಬಂದರು, ಲೈಸೆನ್ಸ್ ಹೋಯಿತು, ಅಂಗಡಿಗೆ ಬಾಗಿಲು ಬಿತ್ತು. ತರುವಾಗಲೇ ಅವನಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನು ವ್ಯಾಪಾರಿ.

ನನ್ನ ಪಾಡು ಹೇಳುತ್ತೇನೆ ಕೇಳಿ. ಅಂದಿನಿಂದ ಇಂದಿನವರೆಗೂ ಈ ಫೋನಿನಲ್ಲಿ ನಾನು ಹುಡುಕುತ್ತಿರುವುದು ಒಂದೇ ಒಂದು ವಾಕ್ಯ. ಆ ಗುಂಪಿನ ವಿಷ ಏರಿದವರಿಗೆ ಪಾದದ ಶಕ್ತಿ ಹೋಗುವುದು ವಿಷದ ಗುಣದಿಂದಲೇ, ಇಂಜೆಕ್ಷನ್ ತಡವಾದದ್ದರಿಂದ ಅಲ್ಲ, ಅನ್ನುವ ವಾಕ್ಯ. ಒಂದು ಕಡೆ ಹೌದು ಅಂತ ಸಿಗುತ್ತದೆ, ಎದೆ ಹಗುರಾಗುತ್ತದೆ. ಮಾರನೆ ದಿನ ಇನ್ನೊಂದು ಕಡೆ, ಖಚಿತವಾಗಿ ಹೇಳಲಾಗದು ಅಂತ ಸಿಗುತ್ತದೆ. ಇಂಗ್ಲಿಷಿನದು ಅರ್ಥವಾಗದಿದ್ದರೆ ಅದೇ ಕನ್ನಡ ಮಾಡಿ ಕೊಡುತ್ತದೆ, ಅಷ್ಟು ಉಪಕಾರಿ. ಜಗತ್ತಿನ ಎಲ್ಲ ವಿಷದ ವಿವರ ಅಂಗೈಯಲ್ಲಿದೆ, ಆ ಎರಡೂವರೆ ತಾಸಿನ ಲೆಕ್ಕ ಹೇಳುವವರು ಮಾತ್ರ ಯಾರೂ ಇಲ್ಲ. ಅರಸೀಕೆರೆಯ ಆ ಹುಚ್ಚು ರೈತ ಪೂರ್ತಿ ಕೇಳದೆ ಫೋನಿನ ಬಾಯಿ ಮುಚ್ಚಿಸಿದ. ನಾನು ನನಗೆ ಬೇಕಾದದ್ದು ಬರುವ ತನಕ ಬಾಯಿ ಬಿಡಿಸುತ್ತೇನೆ. ಇಬ್ಬರಲ್ಲಿ ಯಾರು ಮೇಲು?

ಅಂಗಡಿ ಮುಚ್ಚಿದ ಮೇಲೆ ಮಾವ ಮನೆಯ ಪಡಸಾಲೆಯಲ್ಲಿ ಕೂತೇ ದಿನ ಕಳೆದ. ಒಮ್ಮೆ ನೋಡಲು ಹೋಗಿದ್ದೆ. ಏನೋ ಹೇಳಬೇಕು ಅಂತಲೇ ಹೋಗಿದ್ದೆ, ತಂಗಿಗೆ ನಿಜ ಹೇಳಿಬಿಡುತ್ತೇನೆ ಅಂತ ತೊದಲಿದೆ. ಅವನು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು, "ಸುಮ್ನ ಇರಲೇ ಬಿಎಸ್ಸಿ. ನಾ ಕೆಟ್ಟಾವ ಆದ್ರ ಆಕಿಗೇನೂ ಕಮ್ಮಿ ಆಗಂಗಿಲ್ಲ. ನೀ ಕೆಟ್ರ ಆಕಿಗೆ ತವರ ಇರಂಗಿಲ್ಲ" ಅಂದ. ನನಗೆ ಎಷ್ಟು ಹಗುರಾಯಿತು ಅಂದರೆ, ಅಷ್ಟು ಹಗುರಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಬಂತು. ಅತ್ತೆ ಕೊಟ್ಟ ಚಹಾ ಕುಡಿದು, ಬಸ್ಸು ಹತ್ತಿ ಬಂದೆ. ಹೆಸರು ಬಚ್ಚಿಡುವುದು ಅವನ ಜಾಯಮಾನ, ಕಡೆಗೆ ನನ್ನ ಹೆಸರನ್ನೂ ಬಚ್ಚಿಟ್ಟ.

ಅವನು ತೀರಿಕೊಂಡಾಗ ತಂಗಿ ಮಣ್ಣಿಗೆ ಬರಲಿಲ್ಲ. ಒಡಹುಟ್ಟಿದ ಅಕ್ಕನ ಮಗಳು, ಅವನೇ ಎತ್ತಿ ಆಡಿಸಿದವಳು. ನಾನು ಹೋದೆ. ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದೆ. ಈಗ ಅವನಿಲ್ಲ. ಆ ದಿನ ನಡೆದದ್ದನ್ನು ಪೂರ್ತಿ ಬಲ್ಲವನು ನಾನೊಬ್ಬನೇ ಉಳಿದಿದ್ದೇನೆ, ಅದರಷ್ಟು ಒಂಟಿತನ ಇನ್ನೊಂದಿಲ್ಲ.

ಅರಸೀಕೆರೆಯಿಂದ ಬಂದ ಮರುವಾರ ತಂಬ್ರಹಳ್ಳಿಗೆ ಹೋದೆ. ತಂಗಿ ಈಗ ಬಲು ಜಾಣೆಯಾಗಿದ್ದಾಳೆ. ಹೊಸ ಬಾಟಲಿ ಬಂದರೆ ಮೊದಲು ಫೋನ್ ಹಿಡಿಯುತ್ತಾಳೆ, ಅಂಗಳದಲ್ಲಿ ಕೂತು ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೂ ಕೇಳುತ್ತಾಳೆ, ಹೆಸರನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಾಳೆ. ಊಟಕ್ಕೆ ಕೂತಾಗ ಅವಳ ಗಂಡ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತ. ರೊಟ್ಟಿ ಬಡಿಸುತ್ತ ಅವಳು ಮಾವನ ಮಾತು ತೆಗೆದಳು. ಅವನ ಹೊಟ್ಟೆಯಲ್ಲಿದ್ದದ್ದು ಇವತ್ತು ಕೂಸಿನ ಕೈಯಲ್ಲೂ ಇದೆ, ಹೆಸರು ಮುಚ್ಚಿಟ್ಟು ಏನು ಕಟ್ಟಿಕೊಂಡು ಹೋದ ಅಂತ ಶಪಿಸಿದಳು.

"ಅವತ್ತು ನೀನು, ನಿನ್ನ ಫೋನು ಇರಲಿಲ್ಲ ಅಂದಿದ್ರ ಇವ್ರು ಉಳೀತಿರಲಿಲ್ಲಣ್ಣ" ಅಂದಳು. ಅವಳ ಗಂಡನೂ ಹೌದು ಅಂತ ತಲೆಯಾಡಿಸಿದ.

ಇನ್ನೊಂದು ರೊಟ್ಟಿ ಹಾಕ್ಲೇನು ಅಂತ ಕೇಳಿದಳು. ಹಾಕು ಅಂದೆ.